ತಮಟೆಯ ಸದ್ದಿಗೂ ರಾಜಧನ ಬೇಡವೇ?

ಮೊಬೈಲ್ ಫೋನು ಮತ್ತು ಟ್ಯಾಬ್ಲೆಟ್‌ಗಳಿಗೆಂದು ಒಂದರ ಹಿಂದೊಂದು ಬರುತ್ತಿರುವ ಆ್ಯಪ್‌ಗಳಲ್ಲಿ ‘ಸ್ಯಾಂಪ್ಲರ್’ ಎಂಬ ಬಗೆಯೊಂದಿದೆ. ಇದೊಂದು ವಾದ್ಯ. ಆದರೆ ತನ್ನದೇ ಆದ ದನಿಯಿಲ್ಲದ ವಾದ್ಯ. ಬಾಗಿಲು ಬಡಿದ ಸದ್ದಾಗಲಿ, ಒಗ್ಗರಣೆ ಸಿಡಿದ ಸದ್ದಾಗಲಿ, ಮೃದಂಗದ ಒಂದೇ ಒಂದು ಪೆಟ್ಟಾಗಲಿ, ಮೈಕಿಗೆ ಬಿದ್ದುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಪರದೆಯ ಮೇಲಿನ ಒಂದೊಂದು ಚೌಕಕ್ಕೆ ಒಂದೊಂದು ಸದ್ದನ್ನು ಹಂಚಿಕೊಡುತ್ತದೆ. ಚೌಕವನ್ನು ಮುಟ್ಟಿದರೆ ಸದ್ದು ಬರುತ್ತದೆ. ಅದನ್ನು ಏರಿಸಬಹುದು, ಇಳಿಸಬಹುದು, ಹಿಂದುಮುಂದಾಗಿಸಬಹುದು, ಸಾಲಾಗಿ ಜೋಡಿಸಿ ತಾಳವಾಗಿಸಬಹುದು. 2019ರಲ್ಲಿ ಬಂದ ‘ಕೋಆಲಾ’ ಎಂಬ ಆ್ಯಪಿನಲ್ಲಿ ಇಂಥ 64 ಸದ್ದುಗಳನ್ನು ತುಂಬಿಡಬಹುದು. ಅದರ ಬೆಲೆಯೋ, ಒಂದು ಕುಟುಂಬ ಹೋಟೆಲಿನಲ್ಲಿ ತಿಂಡಿ ತಿಂದು ಕಾಫಿ ಕುಡಿದರೆ ಆಗುವಷ್ಟು ಮಾತ್ರ.

ಇಂತಹ ಆ್ಯಪ್‌ಗಳ ಬಗ್ಗೆ ಪತ್ರಿಕೆಗಳ ತಂತ್ರಜ್ಞಾನ ಪುಟಗಳು ಬರೆಯುವುದು ಅವುಗಳ ಸೌಲಭ್ಯಗಳನ್ನು ಕುರಿತು. ನಾನು ಕೇಳಬಯಸುವ ಪ್ರಶ್ನೆ ಬೇರೆ. ವಾದ್ಯದ ಬೆಲೆ ನೂರಾರು ರೂಪಾಯಿಗೆ ಇಳಿಯಿತು, ಸರಿ. ಅದರೊಳಗೆ ತುಂಬುವ ಸದ್ದಿನ ಬೆಲೆ ಎಷ್ಟು? ಆ ಬೆಲೆ ಯಾರಿಗೆ ಸಲ್ಲಬೇಕು? ಲಂಡನ್ನಿನ ಅಥವಾ ಮುಂಬಯಿಯ ಸ್ಟುಡಿಯೋಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆ ಇದೆಂದು ನಾನೂ ತಿಳಿದಿದ್ದೆ. ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯಲ್ಲಿಯೂ ಅದು ಎದುರಾಗಬಹುದೆಂಬುದು ಈಚಿನ ಅರಿವು.

ಒಂದು ಅಗುಳಿನ ಶಾಸ್ತ್ರ

ಅರ್ಥಶಾಸ್ತ್ರ ಓದಿದವರಿಗೆ ‘ಸ್ಯಾಂಪಲ್’ ಹೊಸ ಪದವಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕೆಂಬುದು ನಮ್ಮ ಅಡುಗೆಮನೆಯ ಮಾತು. ಪ್ರೊ. ಪಿ.ಸಿ. ಮಹಾಲನೋಬಿಸ್ ಅವರ ಪ್ರೇರಣೆಯಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ನಿಂತಿರುವುದೂ ಇದೇ ತತ್ವದ ಮೇಲೆ. ಕೆಲವೇ ಮನೆಗಳ ಲೆಕ್ಕದಿಂದ ಇಡೀ ದೇಶದ ಬದುಕನ್ನು ಅಂದಾಜು ಮಾಡುವ ವಿದ್ಯೆ ಅದು. ಸಂಗೀತದ ಸ್ಯಾಂಪ್ಲಿಂಗ್ ಕೂಡ ಮೂಲತಃ ಇಂಥದ್ದೇ. ಸಿ.ಡಿ.ಗೆಂದು ನಿಗದಿಯಾದ ಮಾನದಂಡದಂತೆ ಒಂದು ಸೆಕೆಂಡಿನ ಸದ್ದನ್ನು 44,100 ಸಲ ಅಳೆದು ಅಂಕಿಗಳಾಗಿ ಬರೆದಿಡಲಾಗುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಬಲ್ಲುದಾದ್ದರಿಂದ, ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಸಲ ಅಳೆದರೆ ಕಿವಿಗೆ ಏನೂ ಕಳೆದುಹೋದಂತೆ ಅನ್ನಿಸುವುದಿಲ್ಲ. ತಮಟೆಯ ಅರೆ ಸೆಕೆಂಡಿನ ಒಂದು ಪೆಟ್ಟನ್ನು ಹೀಗೆ ಬರೆದಿಟ್ಟರೆ ಸುಮಾರು 44 ಕಿಲೋಬೈಟ್ ಆಗುತ್ತದೆ. ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು.

ಆದರೆ ಒಂದು ವ್ಯತ್ಯಾಸವಿದೆ. ಸಮೀಕ್ಷೆಯ ಮಾದರಿ ಸಮಗ್ರವನ್ನು ಪ್ರತಿನಿಧಿಸುತ್ತದೆ, ಅದರ ಸ್ಥಾನವನ್ನು ಆಕ್ರಮಿಸುವುದಿಲ್ಲ. ಅಗುಳನ್ನು ಹಿಚುಕಿದ ಮೇಲೂ ಉಣ್ಣಬೇಕಾದುದು ಪಾತ್ರೆಯಲ್ಲಿರುವ ಅನ್ನವನ್ನೇ. ಸಂಗೀತದ ಮಾದರಿಯಾದರೋ ಮೂಲದ ಜಾಗದಲ್ಲಿ ತಾನೇ ಕುಳಿತುಬಿಡುತ್ತದೆ. ಒಮ್ಮೆ ಹಿಡಿದ ಪೆಟ್ಟು ಸಾವಿರ ಸಲ ಮೊಳಗುತ್ತದೆ. ಬಾರಿಸಿದವನನ್ನು ಮತ್ತೆ ಕರೆಯಬೇಕಾದ ಅಗತ್ಯ ಬೀಳುವುದಿಲ್ಲ.

ಈ ವಿದ್ಯೆಗೆ ಅರವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1963ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ‘ಮೆಲೊಟ್ರಾನ್’ ಎಂಬ ವಾದ್ಯದಲ್ಲಿ ಪ್ರತಿ ಕೀಲಿಯ ಕೆಳಗೂ ಒಂದೊಂದು ಟೇಪಿನ ತುಣುಕು ಇರುತ್ತಿತ್ತು. ಕೀಲಿ ಒತ್ತಿದರೆ ಮೊದಲೇ ಮುದ್ರಿಸಿಟ್ಟ ಪಿಟೀಲು ಅಥವಾ ಕೊಳಲಿನ ದನಿ ಸುಮಾರು ಎಂಟು ಸೆಕೆಂಡು ಕೇಳುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬ ಗೆಳೆಯರು ಇದನ್ನೇ ಕಂಪ್ಯೂಟರಿಗೆ ಅಳವಡಿಸಿ ‘ಫೇರ್‌ಲೈಟ್’ ಯಂತ್ರವನ್ನು ಹೊರತಂದರು. ಅದನ್ನು ಕೊಳ್ಳುವ ಶಕ್ತಿ ಇದ್ದುದು ಜಗತ್ತಿನ ಅತಿ ಶ್ರೀಮಂತ ಸಂಗೀತಗಾರರಿಗೆ ಮಾತ್ರ. 1981ರಲ್ಲಿ ‘ಎಮ್ಯುಲೇಟರ್’, 1988ರಲ್ಲಿ ಜಪಾನಿನ ಅಕಾಯ್ ಕಂಪನಿಯ ‘ಎಂಪಿಸಿ’ ಬಂದು ಬೆಲೆ ಇಳಿಯುತ್ತ ಹೋಯಿತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಇಡೀ ಯಂತ್ರವೇ ಒಂದು ಗಾಜಿನ ಹಲಗೆಯೊಳಗೆ ಸೇರಿಕೊಂಡಿತು.

ಈ ಇತಿಹಾಸದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಅದೇ 1979ರಲ್ಲಿ, ಎಂಜಿನಿಯರರೂ ಕೊಳಲು ವಾದಕರೂ ಆಗಿದ್ದ ಜಿ. ರಾಜ್‌ನಾರಾಯಣ್ ಅವರು ಇಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಶ್ರುತಿಪೆಟ್ಟಿಗೆ, ತಂಬೂರಿ, ತಬಲಾ ಪೆಟ್ಟಿಗೆಗಳು ಎಷ್ಟೋ ಮನೆಗಳ ಸಂಗೀತ ಪಾಠದ ಸಂಗಾತಿಗಳಾದವು. ಮೊದಮೊದಲು ಇಂತಹ ಪೆಟ್ಟಿಗೆಗಳಲ್ಲಿ ವಿದ್ಯುತ್ ಮಂಡಲಗಳೇ ದನಿಯನ್ನು ಹುಟ್ಟಿಸುತ್ತಿದ್ದವು. ಮುಂದೆ ಮೊಬೈಲ್ ಆ್ಯಪ್‌ಗಳ ಕಾಲದಲ್ಲಿ, ನುರಿತವರು ನುಡಿಸಿದ ನಿಜವಾದ ತಂಬೂರಿ, ತಬಲಾಗಳ ಧ್ವನಿಮುದ್ರಣವನ್ನೇ ಅಂಕಿಗಳಾಗಿಸಿ ಬಳಸುವುದು ರೂಢಿಯಾಯಿತು. ಇಂದು ಕಛೇರಿಯ ವೇದಿಕೆಯ ಮೇಲೆ ವಿದ್ವಾಂಸರ ಪಕ್ಕದಲ್ಲೇ ಫೋನೊಂದು ಶ್ರುತಿ ಹಿಡಿದು ಕುಳಿತಿರುವುದನ್ನು ಕಂಡರೆ ಯಾರಿಗೂ ಅಚ್ಚರಿಯಾಗುವುದಿಲ್ಲ. ಆದ್ದರಿಂದ ಸ್ಯಾಂಪ್ಲಿಂಗ್ ಎಂದರೆ ಪಾಶ್ಚಾತ್ಯ ಯುವಕರ ಹುಚ್ಚಾಟವೆಂದು ಮೂಗು ಮುರಿಯುವ ಅಧಿಕಾರ ನಮಗಿಲ್ಲ.

ಲಕ್ಕೂರು ಸೀಮೆಯಲ್ಲಿ

ಮಾಲೂರು ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಲಕ್ಕೂರೂ ಒಂದು. ಮಾಸ್ತಿಯವರ ಊರಾದ ಮಾಸ್ತಿ ಇನ್ನೊಂದು ಹೋಬಳಿಯ ಕೇಂದ್ರ. ಸಂಗೀತಗಾರನೊಬ್ಬನ ಬದುಕನ್ನು ‘ಸುಬ್ಬಣ್ಣ’ನಲ್ಲಿ ಚಿತ್ರಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಈ ತಾಲ್ಲೂಕಿನವರು, ಸರ್ಕಾರಿ ಅಧಿಕಾರಿಯಾಗಿದ್ದವರು. ತಮಿಳುನಾಡಿನ ಗಡಿಗೆ ತಗುಲಿಕೊಂಡ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗುಲಿಯ ಮೇಲೆ ಕೇಳಿಬರುತ್ತವೆ. ಆದರೆ ಮೂರು ಭಾಷೆಯವರಿಗೂ ಸಮಾನವಾಗಿ ಅರ್ಥವಾಗುವ ಭಾಷೆಯೊಂದಿದೆ. ಅದು ತಮಟೆ. ಗ್ರಾಮದೇವತೆಯ ಮುಂದೆ ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಹೊರಟರೆ ಮುಂದೆ ತಮಟೆ ಇರಲೇಬೇಕು. ಸಾವಿನ ಮನೆಯಲ್ಲೂ ಅದೇ ತಮಟೆ, ಆದರೆ ಬೇರೆ ಪೆಟ್ಟು. ದೂರದಿಂದ ಕೇಳಿಯೇ ಮದುವೆಯೋ ಮಸಣವೋ ಎಂದು ಊರವರು ಹೇಳಬಲ್ಲರು.

ಈ ಹೋಬಳಿಯ ಒಂದು ಹಳ್ಳಿಯ ಊರಹಬ್ಬಕ್ಕೆ ಸ್ನೇಹಿತರೊಬ್ಬರು ಕರೆದೊಯ್ದಿದ್ದರು. ತಮಟೆಯವರು ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ, ಬೆರಳಿನಿಂದ ತಟ್ಟಿ ಬಿಗಿ ನೋಡುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರ ಮುಂದೆ ಅವರ ಮೊಮ್ಮಗ ಟ್ಯಾಬ್ಲೆಟ್ ಹಿಡಿದು ಕುಳಿತಿದ್ದ. ‘ತಾತ, ಒಂದೇ ಪೆಟ್ಟು. ಇನ್ನೊಂದು, ಮೆತ್ತಗೆ’ ಎಂದು ಹೇಳಿ ಹೇಳಿ ಬಾರಿಸಿಸುತ್ತಿದ್ದ. ಸಂಜೆ ಟ್ರ್ಯಾಕ್ಟರಿನ ಮೇಲೆ ಕಟ್ಟಿದ ದೊಡ್ಡ ಪೆಟ್ಟಿಗೆಗಳಿಂದ ಅದೇ ತಮಟೆ ಎದೆ ನಡುಗಿಸುವಂತೆ ಮೊಳಗಿತು. ಊರಿನ ಹುಡುಗರೆಲ್ಲ ಕುಣಿದರು. ಹಿರಿಯರು ದೂರದಲ್ಲಿ ಕುಳಿತು ಕೇಳುತ್ತ, ‘ನಾನ್ ಬಡ್ದಿದ್ದು ಒಂದೇ ದಪ ಸಾರ್. ಅದು ಎಷ್ಟ್ ದಪ ಬಡ್ಕೊಂತೈತೆ ನೋಡಿ’ ಎಂದು ನಕ್ಕರು. ಆ ನಗುವಿನಲ್ಲಿ ಮೊಮ್ಮಗನ ಬಗೆಗಿನ ಹೆಮ್ಮೆಯೂ ಇತ್ತು.

ಮೊಮ್ಮಗ ಹೇಳಿದ್ದು ಬೇರೆಯದೇ ಕತೆ. ಹಿಂದಿನ ವರ್ಷ ಹೀಗೆಯೇ ಮುದ್ರಿಸಿಕೊಂಡದ್ದನ್ನು ಅವನು ವಾಟ್ಸ್ಆ್ಯಪ್‌ನಲ್ಲಿ ಗೆಳೆಯರಿಗೆ ಕಳಿಸಿದ್ದ. ಕೆಲವು ತಿಂಗಳ ಬಳಿಕ ಬೇರೊಂದು ಊರಿನ ಗಣೇಶನ ಮೆರವಣಿಗೆಯಲ್ಲಿ, ತನಗೆ ಪರಿಚಯವೇ ಇಲ್ಲದ ಯಾರೋ ತಯಾರಿಸಿದ ಹಾಡಿನಲ್ಲಿ ಅದೇ ಪೆಟ್ಟು ಕೇಳಿಬಂತು. ಅದೇ ಎಂದು ಗೊತ್ತಾದದ್ದು ಹೇಗೆ ಎಂದು ಕೇಳಿದೆ. ‘ನಮ್ ತಾತನ ತಮಟೆ ಪಟ್ಟಿ ಸ್ವಲ್ಪ ಸಡಿಲ ಸಾರ್. ಪೆಟ್ಟು ಬಿದ್ದಾಗ ಗಲ್ ಅನ್ನತ್ತೆ. ಆ ಗಲ್ ಅದ್ರಲ್ಲೂ ಇತ್ತು’ ಎಂದ. ಆ ಹಾಡಿನಲ್ಲಿ ತಾತನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಕೇಳಲು ಇದು ಸಣ್ಣ ಸಂಗತಿ. ಆದರೆ ಇದರ ಹಿಂದಿರುವ ಸಾಮಾಜಿಕ ಇತಿಹಾಸ ಸಣ್ಣದಲ್ಲ. ತಮಟೆ ಬಾರಿಸುವುದು ದಲಿತ ಸಮುದಾಯದ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಸತ್ತ ದನದ ಚರ್ಮ ಅವರದು, ಬಿಸಿಲಲ್ಲಿ ನಿಂತು ಬಾರಿಸುವ ತೋಳು ಅವರದು. ಹಬ್ಬ ಮಾತ್ರ ಊರಿನದು. ಕೋಲಾರ ಜಿಲ್ಲೆಯಲ್ಲಿ ಬಲವಾಗಿ ಬೇರೂರಿದ್ದ ದಲಿತ ಚಳವಳಿ ಈ ಬಿಟ್ಟಿಯನ್ನು ಪ್ರಶ್ನಿಸಿತು, ಅದೇ ತಮಟೆಯನ್ನು ತನ್ನ ಮೆರವಣಿಗೆಗಳ ದನಿಯನ್ನಾಗಿಯೂ ಮಾಡಿಕೊಂಡಿತು. 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂದಾಗ ಒಂದು ಸುದೀರ್ಘ ಅವಮಾನಕ್ಕೆ ಕೊಂಚವಾದರೂ ಪರಿಹಾರ ದೊರೆತಂತಾಯಿತು. ಬಿಟ್ಟಿಯಿಂದ ಸಂಭಾವನೆಗೆ, ಸಂಭಾವನೆಯಿಂದ ಸನ್ಮಾನಕ್ಕೆ ಇಷ್ಟು ಕಷ್ಟಪಟ್ಟು ಬಂದ ಕಲೆ ಈಗ ಆ್ಯಪಿನ ಮೂಲಕ ಸದ್ದಿಲ್ಲದೆ ಮತ್ತೆ ಬಿಟ್ಟಿಗೆ ಮರಳಬೇಕೇ?

ಮಣ್ಣಿಗಿರುವ ಬೆಲೆ

ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕ ಸಂಕಟವನ್ನು ಕುರಿತು ಒಂದು ಪ್ರಸಿದ್ಧ ಗ್ರಂಥ ಪ್ರಕಟಿಸಿದರು. ಅವರ ವಾದ ಸರಳ. ಕಾರ್ಖಾನೆಯಲ್ಲಿ ಯಂತ್ರಗಳ ದೆಸೆಯಿಂದ ಒಬ್ಬ ಕೆಲಸಗಾರನ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಏರುತ್ತದೆ, ಅದರೊಂದಿಗೆ ಕೂಲಿಯೂ ಏರುತ್ತದೆ. ಆದರೆ ನಾಲ್ವರು ನುಡಿಸಬೇಕಾದ ಕೃತಿಗೆ ನೂರು ವರ್ಷದ ಹಿಂದೆಯೂ ನಾಲ್ವರು ಬೇಕಿತ್ತು, ಇಂದೂ ನಾಲ್ವರೇ ಬೇಕು, ಹಿಡಿಯುವ ಸಮಯವೂ ಅಷ್ಟೇ. ಉತ್ಪಾದಕತೆ ಏರದಿದ್ದರೂ ಕೂಲಿ ಏರಲೇಬೇಕಾದ್ದರಿಂದ ಕಲೆ ದಿನೇ ದಿನೇ ದುಬಾರಿಯಾಗುತ್ತದೆ. ಐದು ಜನರ ತಮಟೆ ಮೇಳಕ್ಕೂ ಇದೇ ಸೂತ್ರ ಅನ್ವಯಿಸುತ್ತದೆ. ಮಾಲೂರಿನ ಕಾರ್ಖಾನೆಯಲ್ಲಿ ದಿನಗೂಲಿ ಏರಿದಾಗ, ಒಂದು ದಿನದ ಕೆಲಸ ಬಿಟ್ಟು ಹಬ್ಬಕ್ಕೆ ಬಾರಿಸಲು ಬರುವವನೂ ಹೆಚ್ಚು ಕೇಳಲೇಬೇಕು.

ಸ್ಯಾಂಪ್ಲರ್ ಈ ಸಂಕಟವನ್ನು ಒಂದೇ ಏಟಿಗೆ ಬಗೆಹರಿಸಿದಂತೆ ಕಾಣುತ್ತದೆ. ಮೊದಲ ಪೆಟ್ಟನ್ನು ಮುದ್ರಿಸುವ ವೆಚ್ಚವೊಂದನ್ನು ಬಿಟ್ಟರೆ, ಎರಡನೆಯ ಪೆಟ್ಟಿನಿಂದ ಹತ್ತು ಲಕ್ಷದ ಪೆಟ್ಟಿನವರೆಗೆ ಆಗುವ ಹೆಚ್ಚುವರಿ ವೆಚ್ಚ ಸೊನ್ನೆ. ಅರ್ಥಶಾಸ್ತ್ರದಲ್ಲಿ ಇದು ನಿಜವಾದ ಉಳಿತಾಯ, ಸಂತೋಷಪಡಬೇಕಾದ ವಿಷಯ. ಉಳಿದ ಹಣ ಯಾರ ಕೈ ಸೇರಿತು ಎಂಬುದಷ್ಟೇ ತಕರಾರು. ಹಾಡು ತಯಾರಿಸಿದವನಿಗೆ, ಆ್ಯಪ್ ಮಾರಿದವನಿಗೆ, ಅದನ್ನು ಹಂಚಿದ ಜಾಲತಾಣಕ್ಕೆ ಒಂದೊಂದು ಪಾಲು ಸಿಕ್ಕಿದೆ. ಬಾರಿಸಿದವನ ಪಾಲು ಮಾತ್ರ ಕಾಣುತ್ತಿಲ್ಲ.

ಇದೇ ತಾಲ್ಲೂಕಿನ ಎರಡು ಉದಾಹರಣೆಗಳನ್ನು ಪಕ್ಕದಲ್ಲಿಟ್ಟು ನೋಡಬಹುದು. ಶಿವಾರಪಟ್ಟಣದ ಶಿಲ್ಪಿಗಳು ಕೆತ್ತಿದ ವಿಗ್ರಹಗಳು ಹೊರನಾಡುಗಳಿಗೂ ಹೋಗುತ್ತವೆ. ಹತ್ತು ವಿಗ್ರಹ ಬೇಕಾದರೆ ಹತ್ತು ಸಲ ಕಲ್ಲಿನ ಮುಂದೆ ಕೂರಬೇಕು, ಹತ್ತು ಸಲವೂ ಶಿಲ್ಪಿಗೆ ಹಣ ಸಲ್ಲುತ್ತದೆ. ಎರಡನೆಯದು ಮಾಲೂರಿಗೆ ಹೆಸರು ತಂದ ಹೆಂಚು, ಇಟ್ಟಿಗೆ. ಇಟ್ಟಿಗೆಯ ಮಣ್ಣು ಕಾನೂನಿನ ಲೆಕ್ಕದಲ್ಲಿ ಉಪಖನಿಜ, ಅದನ್ನು ತೆಗೆದವರು ರಾಜಧನ ತೆರಬೇಕು. ವಸೂಲಿ ಎಷ್ಟು ಸಮರ್ಪಕವೆಂಬುದು ಬೇರೆ ಮಾತು. ಆದರೆ ನೆಲದಿಂದ ಒಂದು ಲಾರಿ ಮಣ್ಣು ಹೊರಗೆ ಹೋದರೆ ಅದಕ್ಕೊಂದು ಬೆಲೆಯಿದೆ ಎಂಬ ತತ್ವವನ್ನು ಎಲ್ಲರೂ ಒಪ್ಪಿದ್ದಾರೆ. ಅದೇ ನೆಲದ ಸದ್ದು ಹೊರಗೆ ಹೋದರೆ ಬೆಲೆಯಿಲ್ಲವೆನ್ನುವುದು ಯಾವ ನ್ಯಾಯ?

ಹೊರ ಜಗತ್ತಿನಲ್ಲಿ ಇದರ ಅತ್ಯಂತ ದಾರುಣ ಉದಾಹರಣೆ ಅಮೆರಿಕದ್ದು. 1969ರಲ್ಲಿ ವಾಷಿಂಗ್ಟನ್ನಿನ ‘ದಿ ವಿನ್‌ಸ್ಟನ್ಸ್’ ಎಂಬ ತಂಡದ ರೆಕಾರ್ಡಿನ ಹಿಂಬದಿಯಲ್ಲಿ ‘ಅಮೆನ್, ಬ್ರದರ್’ ಎಂಬ ಹಾಡು ಇತ್ತು. ಅದರ ನಡುವೆ ಡ್ರಮ್ ವಾದಕ ಗ್ರೆಗರಿ ಕೋಲ್ಮನ್ ಒಬ್ಬನೇ ಆರೇಳು ಸೆಕೆಂಡು ಬಾರಿಸಿದ್ದ. ಸ್ಯಾಂಪ್ಲರ್‌ಗಳು ಬಂದ ಮೇಲೆ ಆ ತುಣುಕು ಸಾವಿರಾರು ಹಾಡುಗಳಲ್ಲಿ ಬಳಕೆಯಾಯಿತು. ಇಂಗ್ಲೆಂಡಿನಲ್ಲಿ ಒಂದು ಹೊಸ ಸಂಗೀತ ಪ್ರಕಾರವೇ ಅದರ ಮೇಲೆ ಎದ್ದು ನಿಂತಿತು. ಕೋಲ್ಮನ್‌ಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ಆತ 2006ರಲ್ಲಿ ಮನೆಯೂ ಇಲ್ಲದ ಬಡತನದಲ್ಲಿ ತೀರಿಕೊಂಡ. 2015ರಲ್ಲಿ ಬ್ರಿಟನ್ನಿನ ಸಂಗೀತಪ್ರಿಯರು ಚಂದಾ ಎತ್ತಿ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ ಸುಮಾರು 24,000 ಪೌಂಡ್ ಕಳಿಸಿಕೊಟ್ಟರು. ಸಲ್ಲಬೇಕಾದ ಹಕ್ಕು ನಲವತ್ತಾರು ವರ್ಷಗಳ ಬಳಿಕ ದಾನದ ರೂಪದಲ್ಲಿ, ಅದೂ ಬೇರೊಬ್ಬರ ಕೈಗೆ ಬಂತು.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಕಾನೂನು ಇಲ್ಲವೆಂದು ಕೈಚೆಲ್ಲುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿ ‘ಪ್ರದರ್ಶಕ’ರಿಗೂ ಹಕ್ಕು ನೀಡಿತು. ಪ್ರದರ್ಶಕನೆಂದರೆ ಯಾರು ಎಂಬುದಕ್ಕೆ ಕಾಯಿದೆ ಕೊಡುವ ಪಟ್ಟಿ ಸೊಗಸಾಗಿದೆ: ನಟ, ಗಾಯಕ, ವಾದ್ಯಗಾರ, ನರ್ತಕ, ದೊಂಬರಾಟದವನು, ಗಾರುಡಿಗ, ಹಾವಾಡಿಗ, ಉಪನ್ಯಾಸಕಾರ ಮುಂತಾದವರು. ಹಾವಾಡಿಗನನ್ನೂ ಮರೆಯದ ಕಾಯಿದೆ ತಮಟೆಯವನನ್ನು ಹೊರಗಿಟ್ಟಿಲ್ಲ. ಈ ಹಕ್ಕಿನ ಅವಧಿ 50 ವರ್ಷ. ಪ್ರದರ್ಶನವನ್ನು ಮುದ್ರಿಸುವುದು, ಆ ಮುದ್ರಣದ ಪ್ರತಿ ಮಾಡುವುದು, ಹಂಚುವುದು, ಇವೆಲ್ಲಕ್ಕೂ ಪ್ರದರ್ಶಕನ ಒಪ್ಪಿಗೆ ಬೇಕು. ಸ್ವಂತ ಬಳಕೆ, ಪಾಠ, ಸಂಶೋಧನೆ ಮುಂತಾದವುಗಳಿಗೆ ವಿನಾಯಿತಿ. 2012ರ ತಿದ್ದುಪಡಿ ಇನ್ನೂ ಎರಡು ಮುಖ್ಯ ಸಂಗತಿಗಳನ್ನು ಸೇರಿಸಿತು. ವಾಣಿಜ್ಯ ಬಳಕೆಯಾದರೆ ಪ್ರದರ್ಶಕನಿಗೆ ರಾಯಧನ ಸಲ್ಲಬೇಕು, ಮತ್ತು ತನ್ನ ಪ್ರದರ್ಶನದೊಂದಿಗೆ ತನ್ನ ಹೆಸರು ಇರಬೇಕೆಂದು ಆತ ಕೇಳಬಹುದು.

ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದು, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದು ಭಾವಿಸಬೇಕೆಂಬ ನಿಯಮಗಳನ್ನೂ ಪ್ರದರ್ಶಕರಿಗೆ ಅನ್ವಯಿಸಲಾಗಿದೆ. ಅಂದರೆ ‘ಒಂದು ಸಲ ದುಡ್ಡು ಕೊಟ್ಟಿದ್ದೇವೆ, ಇನ್ನು ಎಂದೆಂದಿಗೂ ನಮ್ಮದೇ’ ಎಂಬ ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ತೊಡಕುಗಳೂ ಇವೆ. ತಲೆಮಾರುಗಳಿಂದ ಬಂದ ತಮಟೆಯ ಗತ್ತಿಗೆ ಕರ್ತೃವಿಲ್ಲ. ಅದು ಎಲ್ಲರದು, ಹಾಗೆಯೇ ಇರಬೇಕು. ಹಕ್ಕು ಇರುವುದು ಒಬ್ಬ ನಿರ್ದಿಷ್ಟ ವ್ಯಕ್ತಿ ಒಂದು ನಿರ್ದಿಷ್ಟ ಹೊತ್ತಿನಲ್ಲಿ ಬಾರಿಸಿದ್ದಕ್ಕೆ. ಅದರಲ್ಲಿಯೂ ಅರೆ ಸೆಕೆಂಡಿನ ಪೆಟ್ಟನ್ನು ‘ಪ್ರದರ್ಶನ’ ಎನ್ನಬಹುದೇ? ಹೊರದೇಶಗಳ ನ್ಯಾಯಾಲಯಗಳು ಇಂತಹ ಸಣ್ಣ ತುಣುಕುಗಳ ಬಗ್ಗೆ ಎರಡೂ ಬಗೆಯಲ್ಲಿ ತೀರ್ಪು ಕೊಟ್ಟಿವೆ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1977ರ ಹಾಡಿನಿಂದ ಸುಮಾರು ಎರಡು ಸೆಕೆಂಡಿನ ತಾಳವನ್ನು 1997ರಲ್ಲಿ ಬೇರೊಂದು ಹಾಡಿಗೆ ಎತ್ತಿಕೊಂಡ ಮೊಕದ್ದಮೆ ಎರಡು ದಶಕ ಮೀರಿ ನಡೆಯಿತು. ತುಣುಕು ಎಷ್ಟೇ ಚಿಕ್ಕದಾದರೂ ಕಿವಿಗೆ ಗುರುತು ಸಿಗುವಂತಿದ್ದರೆ ಧ್ವನಿಮುದ್ರಣದ ಒಡೆಯನ ಹಕ್ಕಿಗೆ ಧಕ್ಕೆ, ಗುರುತೇ ಸಿಗದಷ್ಟು ಮಾರ್ಪಡಿಸಿದ್ದರೆ ಇಲ್ಲ ಎಂದು 2019ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2016ರಲ್ಲಿ, ಮಡೋನಾಳ ಹಾಡೊಂದರಲ್ಲಿ ಬಳಸಿದ ಕಾಲು ಸೆಕೆಂಡಿನಷ್ಟು ಕಹಳೆಯ ದನಿ ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದಿತು. ಯುರೋಪಿನ ಮಾತು ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ. ಗಡಿಯಾರಕ್ಕಿಂತ ಕಿವಿಯನ್ನು ಅದು ನಂಬುತ್ತದೆ. ಲಕ್ಕೂರಿನ ಹುಡುಗ ತನ್ನ ತಾತನ ತಮಟೆಯನ್ನು ಗುರುತಿಸಿದ್ದೂ ಕಿವಿಯಿಂದಲೇ.

ನಿಷೇಧ ಉತ್ತರವಲ್ಲ

ಹಾಗೆಂದು ಆ್ಯಪ್‌ಗಳನ್ನು ಶಪಿಸುವುದರಿಂದ ಪ್ರಯೋಜನವಿಲ್ಲ. 1982ರಲ್ಲಿ ಲಂಡನ್ನಿನ ಸಂಗೀತಗಾರರ ಸಂಘದ ಶಾಖೆಯೊಂದು ಸಿಂಥಸೈಜರ್ ವಾದ್ಯಗಳ ಬಳಕೆಗೆ ಕಡಿವಾಣ ಹಾಕಬೇಕೆಂದು ಠರಾವು ಮಾಡಿ ನಗೆಪಾಟಲಿಗೆ ಗುರಿಯಾಯಿತು. ಜನಪದ ಕಲೆಯಾದರೂ ಒಬ್ಬರಿಂದೊಬ್ಬರು ಕೇಳಿ, ಎತ್ತಿ, ಬದಲಿಸಿ ಬೆಳೆದದ್ದೇ. ಇಲ್ಲಿ ಮುಖ್ಯವಾದ ಇನ್ನೊಂದು ಮಾತೂ ಇದೆ. ಸ್ಟುಡಿಯೋದ ಬಾಗಿಲನ್ನೂ ತುಳಿಯಲಾಗದಿದ್ದ ಕೇರಿಯ ಹುಡುಗನಿಗೆ ಈ ಆ್ಯಪ್ ಒಂದು ಸ್ಟುಡಿಯೋವನ್ನೇ ಕೊಟ್ಟಿದೆ. ತಾತನ ತಮಟೆಯನ್ನು ಮೊಮ್ಮಗ ಹೊಸ ಹಾಡಾಗಿಸುವುದು ಕಳವಲ್ಲ, ಉತ್ತರಾಧಿಕಾರ. ಅದನ್ನು ತಡೆಯುವ ಯಾವ ನಿಯಮವೂ ಮೂರ್ಖತನದ್ದಾದೀತು.

ಸಂಗೀತ ಬಲ್ಲವರು ಇನ್ನೊಂದು ಸಮಾಧಾನವನ್ನೂ ಹೇಳುತ್ತಾರೆ. ಒಂದೇ ಪೆಟ್ಟನ್ನು ಮತ್ತೆ ಮತ್ತೆ ಕೇಳಿಸಿದರೆ ಕಿವಿ ಅದನ್ನು ಯಂತ್ರವೆಂದು ಕೂಡಲೇ ಪತ್ತೆ ಹಚ್ಚುತ್ತದೆ. ನಿಜವಾದ ತಮಟೆಯಲ್ಲಿ ಯಾವ ಎರಡು ಪೆಟ್ಟೂ ಒಂದೇ ಆಗಿರುವುದಿಲ್ಲ. ಚರ್ಮ ತಣಿದಂತೆ ದನಿ ಇಳಿಯುತ್ತದೆ, ತೋಳು ದಣಿದಂತೆ ಗತ್ತು ಬದಲಾಗುತ್ತದೆ. ಆದ್ದರಿಂದಲೇ ಒಳ್ಳೆಯ ಸ್ಯಾಂಪಲ್ ಸಂಗ್ರಹ ತಯಾರಿಸುವವರು ನುರಿತ ವಾದ್ಯಗಾರನನ್ನು ಕೂರಿಸಿ ಮೆತ್ತನೆಯ ಪೆಟ್ಟು, ನಡು ಪೆಟ್ಟು, ಗಟ್ಟಿ ಪೆಟ್ಟು, ಪ್ರತಿಯೊಂದರಲ್ಲೂ ಹಲವು ಬಗೆಗಳನ್ನು ನೂರಾರು ಸಲ ಬಾರಿಸಿ ಮುದ್ರಿಸಿಕೊಳ್ಳುತ್ತಾರೆ. ಆದರೆ ನನಗೆ ಇದರಿಂದ ಸಮಾಧಾನಕ್ಕಿಂತ ಎಚ್ಚರಿಕೆಯೇ ಹೆಚ್ಚು ಕಾಣುತ್ತದೆ. ಯಂತ್ರ ಉತ್ತಮವಾದಷ್ಟೂ ಅದಕ್ಕೆ ಬೇಕಾಗುವುದು ಹೆಚ್ಚು ಹೆಚ್ಚು ಮನುಷ್ಯ ಶ್ರಮ. ಆ ಶ್ರಮಕ್ಕೆ ಒಂದು ದಿನದ ಕೂಲಿ ಕೊಟ್ಟು ಐವತ್ತು ವರ್ಷದ ಫಲ ಉಣ್ಣುವುದು ನ್ಯಾಯವಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಒಂದು ಪುಟದ ಒಪ್ಪಿಗೆ ಪತ್ರ. ಸರಳ ಕನ್ನಡದಲ್ಲಿ, ಗಡಿ ತಾಲ್ಲೂಕುಗಳಲ್ಲಿ ತೆಲುಗು, ತಮಿಳಿನಲ್ಲೂ ಇರಲಿ. ಯಾರು ಬಾರಿಸಿದರು, ಯಾವಾಗ, ಯಾತಕ್ಕಾಗಿ ಮುದ್ರಣ, ಎಷ್ಟು ವರ್ಷಕ್ಕೆ, ಮಾರಾಟವಾದರೆ ಪಾಲೆಷ್ಟು, ಹೆಸರು ಹಾಕಬೇಕೇ ಎಂಬ ಆರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಬರೆದರೆ ಸಾಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಜಾನಪದ ಅಕಾಡೆಮಿಗಳು ಇಂತಹ ನಮೂನೆಯನ್ನು ಅಚ್ಚು ಹಾಕಿ ಕಲಾವಿದರ ಕೈಗೆ ಕೊಡಲು ಹೊಸ ಕಾಯಿದೆ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ.

ಎರಡನೆಯದು ಸಂಗ್ರಹ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತನ್ನು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಹಳ್ಳಿಗರ ಹಾಡುಗಳನ್ನು ಟೇಪಿನಲ್ಲಿ ಹಿಡಿದಿಡುವುದಕ್ಕೆ ಅವರು ಪಟ್ಟ ಶ್ರಮವನ್ನು ನಮ್ಮ ತಲೆಮಾರಿನ ಅಧಿಕಾರಿಗಳೆಲ್ಲ ಬಲ್ಲರು. ಅಂದು ಉಳಿಸುವುದೇ ದೊಡ್ಡ ಕೆಲಸವಾಗಿತ್ತು. ಇಂದು ಉಳಿಸುವುದರ ಜೊತೆಗೆ ಹೆಸರು ದಾಖಲಿಸುವುದೂ ಅಷ್ಟೇ ಮುಖ್ಯ. ನಾಡಿನ ತಮಟೆ, ಅರೆ, ಡೊಳ್ಳು, ನಗಾರಿಗಳ ಒಳ್ಳೆಯ ಸ್ಯಾಂಪಲ್ ಸಂಗ್ರಹವೊಂದನ್ನು ಸಾರ್ವಜನಿಕ ಸಂಸ್ಥೆಯೇ ಸಿದ್ಧಪಡಿಸಲಿ. ಕಲಿಯುವವರಿಗೆ ಪುಕ್ಕಟೆ, ಸಿನಿಮಾ ಮತ್ತು ಜಾಹೀರಾತಿನವರಿಗೆ ಶುಲ್ಕ, ಪ್ರತಿ ಸದ್ದಿಗೂ ಬಾರಿಸಿದವರ ಹೆಸರು ಮತ್ತು ಊರು. ಶುಲ್ಕದ ಪಾಲು ಅವರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗುವಂತೆ ಮಾಡುವುದು ಇಂದಿನ ದಿನಗಳಲ್ಲಿ ಕಷ್ಟವೇನಲ್ಲ.

ಮೂರನೆಯದು ನಿಧಿ. ಯಾರ ಪೆಟ್ಟೆಂದು ಪತ್ತೆಯಾಗದ ಸದ್ದುಗಳೇ ಹೆಚ್ಚಿರುತ್ತವೆ. ಇದಕ್ಕೊಂದು ಹಳೆಯ ಮೇಲ್ಪಂಕ್ತಿಯಿದೆ. ರೆಕಾರ್ಡುಗಳಿಂದಾಗಿ ಕೆಲಸ ಹೋಗುತ್ತಿದೆಯೆಂದು ಅಮೆರಿಕದ ಸಂಗೀತಗಾರರ ಸಂಘ 1942ರ ಆಗಸ್ಟಿನಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತು. ಕೊನೆಗೆ ಕಂಪನಿಗಳು ಮಾರಾಟವಾದ ರೆಕಾರ್ಡುಗಳ ಮೇಲೆ ಸಣ್ಣ ಮೊತ್ತವನ್ನು ನಿಧಿಗೆ ಕಟ್ಟಲು ಒಪ್ಪಿದವು. 1948ರಲ್ಲಿ ಸ್ವತಂತ್ರ ಟ್ರಸ್ಟ್ ಆದ ಆ ನಿಧಿ, ಜನರಿಗೆ ಉಚಿತ ಕಛೇರಿ ಏರ್ಪಡಿಸಿ ಸಂಗೀತಗಾರರಿಗೆ ಸಂಭಾವನೆ ಕೊಡುತ್ತ ಬಂದಿತು. ಯಂತ್ರ ತಂದ ಲಾಭದ ಒಂದು ಪಾಲಿನಿಂದಲೇ ಜೀವಂತ ಸಂಗೀತವನ್ನು ಸಾಕುವ ಈ ಉಪಾಯ ನಮ್ಮ ಊರಹಬ್ಬಗಳಿಗೂ ಒಪ್ಪುವಂಥದ್ದು. ನಮ್ಮಲ್ಲೂ 2013ರಲ್ಲಿ ಗಾಯಕರ ಹಕ್ಕುಗಳ ಸಂಘ ನೋಂದಣಿಯಾಗಿ, ಬಳಿಕ ವಾದ್ಯಗಾರರನ್ನೂ ಸೇರಿಸಿಕೊಂಡಿದೆ. ಸಿನಿಮಾ ಗಾಯಕರಿಗೆ ದಕ್ಕಿದ ಈ ವ್ಯವಸ್ಥೆ ಹಳ್ಳಿಯ ಕಲಾವಿದರನ್ನೂ ತಲುಪುವಂತೆ ಮಾಡುವುದು ಸರ್ಕಾರದ ಹೊಣೆ.

ಕೊನೆಯದು ನಮ್ಮಂತಹ ನಗರವಾಸಿಗಳಿಗೆ ಸೇರಿದ್ದು. ನಮ್ಮ ಮಕ್ಕಳು, ಮೊಮ್ಮಕ್ಕಳು ಇಂತಹ ಆ್ಯಪ್‌ಗಳಲ್ಲಿ ಆಡುತ್ತಿದ್ದಾರೆ, ಹಾಡು ಕಟ್ಟುತ್ತಿದ್ದಾರೆ. ಆಡಲಿ, ಕಟ್ಟಲಿ. ಊರಿಗೆ ಹೋದಾಗ ತಮಟೆಯ ಸದ್ದನ್ನೂ ಹಿಡಿದು ತರಲಿ. ಆದರೆ ಮೈಕು ಚಾಚುವ ಮೊದಲು ಎದುರಿಗಿರುವವರ ಹೆಸರು ಕೇಳುವುದನ್ನು, ‘ಇದನ್ನು ಬಳಸಿಕೊಳ್ಳಬಹುದೇ?’ ಎಂದು ಒಪ್ಪಿಗೆ ಪಡೆಯುವುದನ್ನು ಅವರಿಗೆ ಹೇಳಿಕೊಡಬೇಕಾದವರು ನಾವು. ಹಾಡಿನ ಕೆಳಗೆ ಆ ಹೆಸರು, ಆ ಊರು ಬರೆಯಲು ಬೇಕಾದುದು ಒಂದು ಸಾಲಿನ ಜಾಗ. ಹಾಡಿನಿಂದ ನಾಲ್ಕು ಕಾಸು ಬಂದರೆ ಅದರಲ್ಲೊಂದು ಕಾಸನ್ನು ಲಕ್ಕೂರಿಗೆ ಕಳಿಸಲು ಬೇಕಾದುದೂ ಒಂದು ಆ್ಯಪೇ.